ಬೈತಖೋಲ, ತೂಕದ ಕೋಣೆ

ಐಸ್ ಫ್ಯಾಕ್ಟರಿಯ ಲ್ಯಾಪ್‌ಟಾಪಿಗೆ ಹನ್ನೆರಡು ವರ್ಷ.
‘ಕೆ’ ಕೀಲಿ ಉದುರಿ
ಬೆರಳಿಗೆ ಸಿಗುವುದು ಬರೀ ರಬ್ಬರಿನ ಗುಬುಟು.
ವಿಂಡೋಸ್ ಹೊರಲಾರದೆ ಕೂತಿತ್ತು, ಲಿನಕ್ಸ್ ಹಾಕಿದೆ.
ಎದ್ದಿತು. ವೈಫೈ ಏಳಲಿಲ್ಲ.

ಡ್ರೈವರ್ ಇಲ್ಲವಂತೆ. ತರೋಣವೆಂದರೆ ನೆಟ್ ಬೇಕು,
ನೆಟ್ ಬರಲು ಅದೇ ಡ್ರೈವರ್ ಬೇಕು.
ಕೋಡಿಬಾಗದ ಭಾವನ ಫೋನು ತಂದು
ವಯರಿನಲ್ಲಿ ಕಟ್ಟಿ ಇಳಿಸಿಕೊಂಡೆ.
ಎರಡು ರಾತ್ರಿ ಕಪ್ಪು ಪರದೆಗೆ ಕಮಾಂಡು ಉಣಿಸಿದ ಮೇಲೆ
ಕಾರ್ಡು ತನ್ನ ಹೆಸರು ಹೇಳಿತು.
ಆಮೇಲೆ ಒಂದೇ ಹಠ:
ಹಾರ್ಡ್ ಬ್ಲಾಕ್. ಹಾರ್ಡ್ ಬ್ಲಾಕ್.

ಐಸಿನ ಚೀಟಿಗೆ ಬಂದ ಮಾಬ್ಲು ಖಾರ್ವಿ,
ಕಿವಿಯ ಮೇಲೆ ಬಲೆ ಹೆಣೆಯುವ ಸೂಜಿ,
ದೋಣಿಯ ಪಕ್ಕೆ ಸವರುವ ಹಾಗೆ ಅದರ ಅಂಚು ಸವರಿದ.
“ಇದೆಂತದು ತಂಗೀ,
ಚಿಲಕ ಹಾಕ್ಕಂಡೇ ಅದೆಯಲ್ಲ!”

ಅಕ್ಕಿಕಾಳಿನಷ್ಟು ಸ್ವಿಚ್ಚು,
ಉಪ್ಪು ಕಚ್ಚಿ ಕಲ್ಲಾಗಿತ್ತು.
ಸೂಜಿಮೊನೆಯಲ್ಲಿ ಕೆರೆದ, ಕೆರೆದ,
ಟಕ್.

ದೀಪ ಹತ್ತಿ ಪರದೆಗೆ ಒಂದೊಂದೇ ಹೆಸರು ಬಂತು:
ಬಂದರು ಕಚೇರಿ, ಯಾವುದೋ ಲಾಡ್ಜು,
‘ಜಟಗ ಪ್ರಸನ್ನ’ ಅನ್ನುವ ಬೋಟಿನವನ ಫೋನು.
ಎಲ್ಲಕ್ಕೂ ಬೀಗ.
ಕೊನೆಗೆ ನಮ್ಮದು.

ಪಾಸ್‌ವರ್ಡು ಕಾರವಾರ. ಮೊದಲ ಅಕ್ಷರವೇ ಕೆ.
ಗುಬುಟು ಒತ್ತಿದೆ. ಬರಲಿಲ್ಲ. ಉಗುರು ಊರಿ ಒತ್ತಿದೆ.
ಮಾಬ್ಲು ಚೀಟಿ ಮರೆತು
ನನ್ನ ಬೆರಳನ್ನೇ ನೋಡುತ್ತಿದ್ದ.