ಅಕ್ಷರಕ್ಕ ಅರವತ್ತು

ಅಕ್ಷರಕ್ಕ ಅರವತ್ತು ಅಂದ ಸುರಪುರದ ಮೌನೇಶಿ,
ಕಿವಿಯಾಗ ಕುಂಚ ಸಿಗಿಸಿಕೊಂಡು.
ಒತ್ತಿಗೇನು ಬ್ಯಾರೆ ಲೆಕ್ಕಾ? ಕೇಳಿದೆ.
ನಕ್ಕ. ಹೇಳಲಿಲ್ಲ.

ನಾವು ಮೂರು ಮಂದಿ, ಒಂದು ಕತ್ತರಿ,
ಟೇಲರ್ ಅಂಗಡಿಯಿಂದ ಹೊತ್ತು ತಂದ ಎರಡು ಚೀಲ ತುಂಡು ಅರಿವಿ.
ಸಾಬವ್ವಗ ದೇವರ ಹೆಸರೇ ಬೇಕು,
ಅದರ ಮುಂದ ‘ಶ್ರೀ’ ಬೇಕು,
ಹಿಂದ ‘ಮಹಿಳಾ ಹಸ್ತಕಲಾ ಕೇಂದ್ರ’ ಬೇಕು.
ಬೆರಳು ಮಡಚಿ ಎಣಿಸಿದೆ:
ಒಂದು ಕೌದಿಯ ರೊಕ್ಕ ಬೋರ್ಡಿಗೇ ಹೋಗ್ತದ.

ಖಾಜಾಬಿಗೆ ಓದು ಬರಂಗಿಲ್ಲ.
ಸೂಜಿಗೆ ದಾರ ಪೋಣಿಸ್ತಾ ಕುಂತಿದ್ದಳು.
ಮೂಲ್ಯಾಗ ಮೊಮ್ಮಗ ಮುದುಡಿ ಮಲಗಿದ್ದ.
ಅವನ ಕಡೆ ನೋಡದೇ ಅಂದಳು:
ಹೊಚ್ಕೋ.

ಹಂಗೇ ಬರಿ ಅಂದೆ ಮೌನೇಶಿಗೆ.
ಇದೂ ಒಂದು ಹೆಸರೇನಬೇ?
ಎರಡೇ ಅಕ್ಷರ. ಕೆಂಪು ಬಣ್ಣ.
ಚಕಾರದ ಬುಡಕ್ಕ ಕಕಾರದ ಒತ್ತು
ಮೊಣಕಾಲು ಮಡಚಿಕೊಂಡು ಮಲಗಿತು.
ಅದಕ್ಕ ಅವ ದುಡ್ಡು ಹಿಡೀಲಿಲ್ಲ.

ಒಣಗೋ ತನಕ ಮುಟ್ಟಬ್ಯಾಡ್ರಿ ಅಂದಿದ್ದ.
ಖಾಜಾಬಿ ಮುಟ್ಟೇ ನೋಡಿದಳು,
ಅದೇ ಬೆರಳಿಂದ ಮತ್ತ ಸೂಜಿ ಹಿಡಿದಳು.
ಆ ಕೌದಿಯ ತುದಿಗೊಂದು ಕೆಂಪು ಕಲೆ.
ಎಷ್ಟು ತಿಕ್ಕಿದರೂ ಹೋಗವಲ್ದು, ಯಾರೂ ಕೊಳ್ಳವಲ್ಲರು.
ಸಾಬವ್ವ ಮಾತ್ರ ಅದಕ್ಕ
‘ಶ್ರೀ’ ಅಂತಾಳ.