ಸರ್ಕಾರದ ವಶ

ಸ್ವಾನ್ಸೀಯ ದಿವಾಳಿ ಕಚೇರಿ, ಮೂರನೇ ಮಹಡಿ.
ಏಳು ಕುರ್ಚಿ, ಇಬ್ಬರು.
ನಿವೃತ್ತನಾದ ಗ್ಲಿನ್‌ನ ಮಗ್ಗಿನಲ್ಲಿ
ಪೆನ್ಸಿಲ್ಲು ನಿಂತಿವೆ; ಅವನ ಜಾಗಕ್ಕೆ ಯಾರೂ ನಿಲ್ಲಲಿಲ್ಲ.

ನೆರಿಸ್ ಮೇಜಿನ ಮೇಲೆ ನೂರ ನಲವತ್ತು ಕಡತ,
ಒಂದೊಂದೂ ಬಾಗಿಲು ಹಾಕಿದ ಅಂಗಡಿ:
ಬ್ರೆಡ್ಡಿನ ಒಲೆ, ಕ್ಷೌರದ ಕುರ್ಚಿ,
ಇವತ್ತು ಬಣ್ಣದ ಮೀನು.

"ಮೀನೂ ಆಸ್ತಿಯೇ," ಎಂದಳು ಫೋನಿನಲ್ಲಿ,
"ಇನ್ನು ಸರ್ಕಾರದ ವಶ."
ಆಚೆಯವ ತುಸು ಹೊತ್ತು ಸುಮ್ಮನಿದ್ದ.
"ಆಗಲಿ. ಊಟ ಹಾಕೋರು ಯಾರು?"

ನಿಯಮದ ಪುಸ್ತಕ ತಿರುವಿದಳು. ಗಂಟೆ ಆರೂವರೆ.
ಖಾಲಿ ಕುರ್ಚಿಗಳ ಕಡೆ ನೋಡಿದಳು;
ಒಂದೂ 'ನಾ ಹೋಗ್ತೀನಿ' ಅನ್ನಲಿಲ್ಲ.

ಲಕೋಟೆಯಿಂದ ಕೀಲಿ ತೆಗೆದು, ಕೋಟು ಹಾಕಿಕೊಂಡು
ತಾನೇ ಮೆಟ್ಟಿಲಿಳಿದಳು.
"ಒಂದೇ ಚಿಟಿಕೆ," ಅಂದಿದ್ದ ಅವನು,
"ಜಾಸ್ತಿ ಹಾಕಿದರೆ ಸಾಯುತ್ತವೆ."