ತಂಪಿಲ್ಲದ ಗಡ್ಡೆ

ರಾಯಚೂರಿನ ಗಂಜ್ ಹಿಂದಿನ ಐಸ್ ಫ್ಯಾಕ್ಟರಿಯಲ್ಲಿ
ಇಪ್ಪತ್ತೆರಡು ಬೇಸಿಗೆ ನೀರನ್ನು ಗಡ್ಡೆ ಮಾಡಿದವನು ನಾನು.
ಅಮೋನಿಯಾ, ಉಪ್ಪುನೀರು, ತಗಡಿನ ಡಬ್ಬಿ,
ಮೇಲೆ ಭತ್ತದ ಹೊಟ್ಟು. ಗೊತ್ತಿದ್ದ ದಾರಿ ಇದೊಂದೇ.

ತಂಗಿಯ ಮಗಳು ಲಾಲಮ್ಮ ನಗುತ್ತಾಳೆ:
"ತಂಪೇ ಬ್ಯಾಡ ಮಾಮಾ. ಒತ್ತಿದ್ರ ಸಾಕು."
ಎರಡು ವಜ್ರದ ಮೊನೆ, ನಡುವೆ ಒಂದು ಹನಿ,
ಪಕ್ಕದಲ್ಲಿ ಮಾಣಿಕ್ಯದ ಒಂದು ಕಣ.
ಒತ್ತಡ ಎಷ್ಟೆಂದು ಅದರ ಕೆಂಪೇ ಹೇಳುತ್ತದಂತೆ.
ನಲವತ್ತೈದು ಡಿಗ್ರಿಯ ಮಧ್ಯಾಹ್ನದಲ್ಲೂ
ಆ ಹನಿ ಗಡ್ಡೆ.

ನಂಬಲಿಲ್ಲ. ಬಿಲ್ ಪುಸ್ತಕದ ಬೆನ್ನಿಗೆ ಬರೆದು ತೋರಿಸಿದಳು:
ಎರಡು ಆಕ್ಸಿಜನ್, ನಡುವೆ ಹೈಡ್ರೋಜನ್ ಚುಕ್ಕಿ.
ಒಂದರ ಮಗ್ಗುಲಲ್ಲಿ ಮನೆ, ಇನ್ನೊಂದರ ಕಡೆ ಮನಸು.
ನಡುವಿನ ಗೋಡೆ ಹತ್ತುವುದಿಲ್ಲ, ಒಡೆಯುವುದಿಲ್ಲ,
ಆಚೆ ಇರುತ್ತದೆ, ಅಷ್ಟೇ.
ಇನ್ನೂ ಒತ್ತು, ಇನ್ನೂ,
ಗೋಡೆಯೇ ಕರಗಿ ಚುಕ್ಕಿ ನಟ್ಟನಡುವೆ.
ಆಗ ಅದು ಯಾರ ಮನೆಯದು? ಕೇಳಿದೆ.
"ಆ ಪ್ರಶ್ನೆನೇ ಉಳಿಯಂಗಿಲ್ಲ ಮಾಮಾ."

ಹುಸೇನಪ್ಪ ಎಂಬ ನನ್ನ ಹೆಸರು ಕೇಳಿ
"ನೀ ಯಾವ ಕಡಿಯವ?" ಎಂದವರ ಮುಖಗಳು
ಯಾಕೋ ನೆನಪಾದವು. ಹೇಳಲಿಲ್ಲ.

ನಡುವೆ ನಿಂತಮೇಲಾದರೂ ಸುಮ್ಮನಿರುತ್ತದೇನು?
ಇಲ್ಲವಂತೆ. ಎಷ್ಟೇ ತಂಪು ಮಾಡಿದರೂ
ಕಡೆಯ ಒಂದು ನಡುಕ ತೆಗೆಯಲು ಬರುವುದಿಲ್ಲ.

ರಾತ್ರಿ ಪಾಳಿ. ಕರೆಂಟ್ ಹೋಗಿ ಯಂತ್ರ ನಿಂತಿದೆ.
ಡಬ್ಬಿಯೊಳಗೆಲ್ಲೋ ಗಡ್ಡೆ ಟಿಕ್ಕೆಂದು ಸೀಳುತ್ತದೆ.
ಅಂಗೈ ಇಡುತ್ತೇನೆ.
ಶರಬತ್ತಿನ ಗಾಡಿಯವರು ಬರುವ ಮುಂಚೆ
ಇನ್ನೂರು ಗಡ್ಡೆ ಎಣಿಸಬೇಕು.